ಬಿಳಿ ದಾರದ ಕಾಯಿ

ಸೆರಗು ಒಡ್ಡಿ ಬೀಜ ಕೇಳಿದವಳನ್ನು ಮಲ್ಲಮ್ಮನ ಕೇರಿಯಲ್ಲಿ ಯಾರೂ ಬರಿಗೈಲಿ ಕಳಿಸಿದ್ದಿಲ್ಲ. ಕೇಳಿದವಳು ಮರುವರ್ಷ ಅದೇ ಸೆರಗಿನಲ್ಲಿ ಒಂದು ಹಿಡಿ ಬೀಜ ತಂದು ಹಾಕುತ್ತಿದ್ದಳು. ಅದಕ್ಕೆ ಕಾಗದ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಕೇರಿಯ ಹೆಂಗಸರಲ್ಲಿ ಒಬ್ಬಳೂ ತಪ್ಪಿದವಳಲ್ಲ.

ತಪ್ಪಿದವಳು ಪದ್ಮ. ಷಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಇದ್ದವಳು. ಬೀಜದ ಕಂಪನಿಯ ವಿಜ್ಞಾನಿ ರೇವಣಪ್ಪನ ಹೆಂಡತಿ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಗಂಡ ಹೆಂಡತಿ ರಜೆಗೆಂದು ಗಂಡನ ಊರಿಗೆ ಬಂದಿದ್ದರು. ರಾಣೇಬೆನ್ನೂರಿನಿಂದ ಆಚೆಗೆ, ತುಂಗಭದ್ರೆಯ ಈಚೆಗೆ ಇರುವ ಹಳ್ಳಿ. ಕಾರು ಕೇರಿಯ ಬಾಯಲ್ಲಿ ನಿಂತಿತು. ರೇವಣಪ್ಪ ಇಳಿಯಲಿಲ್ಲ. ಪದ್ಮ ಇಳಿದಳು. ಚರಂಡಿ ದಾಟಿ ಬಂದು ಮಲ್ಲಮ್ಮನ ಗುಡಿಸಲ ಮುಂದೆ ನಿಂತು ರೇಷ್ಮೆ ಸೀರೆಯ ಸೆರಗು ಒಡ್ಡಿದಳು.

"ಮಲ್ಲಮ್ಮ, ನಿನ್ನ ಬದನೆ ಬೀಜ ಒಂದು ಹಿಡಿ ಕೊಡು" ಅಂದಳು.

ಅವಳು ಬೆಂಗಳೂರಿನವಳು. ಅವಳಿಗೆ ಈ ಪದ್ಧತಿ ಎಲ್ಲಿ ಗೊತ್ತು? ಸೆರಗು ಹೇಗೆ ಹಿಡಿಯಬೇಕು, ಎಷ್ಟು ಬಾಗಬೇಕು ಎಂದು ಗಂಡ ಕಾರಿನಲ್ಲೇ ಹೇಳಿಕೊಟ್ಟಿದ್ದ. ಇದು ಮಲ್ಲಮ್ಮನಿಗೆ ತಿಳಿದದ್ದು ಮೂರು ವರ್ಷದ ಮೇಲೆ.

ಗೌಡರ ಮನೆ ಸೊಸೆ ಕೇರಿಗೆ ಬಂದು ಮಾದರ ಹೆಂಗಸಿನ ಮುಂದೆ ಸೆರಗು ಒಡ್ಡುವುದೆಂದರೇನು! ಮಲ್ಲಮ್ಮನ ಮುದಿ ಅತ್ತೆ ಅಳುವುದಕ್ಕೇ ಶುರು ಮಾಡಿದಳು. ಮಲ್ಲಮ್ಮ ಉಬ್ಬಿಹೋದಳು. ಒಂದು ಹಿಡಿ ಕೇಳಿದವಳಿಗೆ, ಬೂದಿಯಲ್ಲಿ ಕಲಸಿ ಇಟ್ಟಿದ್ದ ಗಡಿಗೆಯನ್ನೇ ಸುರಿದುಬಿಟ್ಟಳು. ತಳ ಕೂಡ ತಟ್ಟಿದಳು. ಕೇರಿಯ ಏಳು ಮನೆಯ ಬೀಜಕ್ಕೂ ಅದೊಂದೇ ಗಡಿಗೆ. ಇರಲಿ, ಹೊಲದ ಬದುವಿನಲ್ಲಿ ಗಿಡ ಇದಾವಲ್ಲ, ಮತ್ತೆ ಬೀಜಕ್ಕೆ ಬಿಟ್ಟರಾಯಿತು ಅಂದುಕೊಂಡಳು. ದಡ್ಡಿ. ಹಾಗೆಂದು ಆಮೇಲೆ ತನ್ನನ್ನು ತಾನೇ ಬೈದುಕೊಂಡಳು, ನಾನು ಬೈಯುತ್ತಿಲ್ಲ.

ಆ ಬದನೆ ಅಂಥಿಂಥದ್ದಲ್ಲ. ನಿಂಬೆಹಣ್ಣಿನ ಗಾತ್ರದ ಹಸಿರು ಮುಳ್ಳುಬದನೆ. ಹದಿನಾಲ್ಕು ವರ್ಷ ಆರಿಸಿ ಆರಿಸಿ ಮಲ್ಲಮ್ಮ ಅದನ್ನು ಮಾಡಿದ್ದಳು. ಊರ ಗಂಡಸರು ಮುಳ್ಳಿಲ್ಲದ ಗಿಡ ಹುಡುಕುತ್ತಿದ್ದರು, ಕೀಳಲು ಸುಲಭ ಎಂದು. ಕೀಳುವವರು ಅವರಲ್ಲ, ಆ ಮಾತು ಬೇರೆ. ಮಲ್ಲಮ್ಮ ಮುಳ್ಳು ಹೆಚ್ಚಿದ್ದ, ಕುಡಿ ಗಟ್ಟಿಯಿದ್ದ ಗಿಡವನ್ನೇ ಬೀಜಕ್ಕೆ ಬಿಟ್ಟಳು. ಕಾಯಿಕೊರಕ ಹುಳ ಆ ಕುಡಿ ಕಚ್ಚಿ, ಒಳಗೆ ಇಳಿಯಲಾರದೆ ಕೆಳಗೆ ಬಿದ್ದು ಸಾಯುವುದನ್ನು ಅವಳು ಕುಕ್ಕರುಗಾಲಲ್ಲಿ ಕೂತು ಕಣ್ಣಾರೆ ಕಂಡಿದ್ದಳು. ಸುತ್ತಲಿನವರು ವಾರಕ್ಕೆರಡು ಸಲ ಔಷಧಿ ಹೊಡೆದು ಸುಸ್ತಾಗುವಾಗ ಅವಳ ಗಿಡಕ್ಕೆ ಒಂದು ಹನಿ ಬೇಕಿರಲಿಲ್ಲ.

ಮರುವರ್ಷ ಪದ್ಮ ಬರಲಿಲ್ಲ, ಕಂಪನಿ ಬಂತು. ರೇವಣಪ್ಪನ ಅಣ್ಣನ ಹೊಲದಲ್ಲಿ ಬದನೆ ಬೀಜದ ಪ್ಲಾಟು ಹಾಕಿದರು. ಪ್ಲಾಟಿನ ಸುತ್ತ ಇನ್ನೂರು ಗಜ ಬೇರೆ ಬದನೆ ಇರಕೂಡದು, ಪರಾಗ ಬೆರೆತರೆ ಬೀಜ ಕೆಡುತ್ತದೆ ಎಂದು ಕಂಪನಿಯ ಇನ್‌ಸ್ಪೆಕ್ಟರ್ ಬಂದ. ಬದುವಿನ ಗಿಡ ಕಿತ್ತ. ಕೇರಿಯ ಹಿತ್ತಿಲುಗಳಿಗೆ ನುಗ್ಗಿ ಏಳು ಮನೆಯ ಗಿಡ ಕಿತ್ತ. ಬೀಜಕ್ಕೆಂದು ಬಿಟ್ಟಿದ್ದ ಕಾಯಿ ಹೊತ್ತ ಗಿಡಗಳನ್ನು ರಾಶಿ ಹಾಕಿ ಸುಟ್ಟ. ಅಲ್ಲಿಗೆ ಕೇರಿಯಲ್ಲಿ ಒಂದೇ ಒಂದು ಬೀಜ ಉಳಿಯಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ರೇವಣಪ್ಪ ತಾನೇ ಬಂದು ಕೇರಿಯ ಬಾಯಲ್ಲಿ ನಿಂತ.

"ಮಲ್ಲಿ, ನಮ್ಮ ಕಂಪನಿ ರೈತ ಹೆಣ್ಮಕ್ಕಳನ್ನ ತಳಿ ಮಾಡೋ ಕೆಲಸದಾಗ ಪಾಲುದಾರ್ರನ್ನಾಗಿ ಮಾಡ್ಕೊಳ್ಳಾಕತ್ತೈತಿ. ಆರು ತಿಂಗಳು ಅಮೆರಿಕಕ್ಕ ಬಾ. ಹತ್ತಿ ಪ್ಲಾಟಿನ ಕೂಲಿಯಾಗ ನೋಡೀನಿ, ಹೂ ಕ್ರಾಸ್ ಮಾಡೋದು ನಿನ್ನಂಗ ಯಾರಿಗೂ ಬರಂಗಿಲ್ಲ. ತಿರುಗಿ ಬರುವಾಗ ನಿನ್ನ ಬೀಜ ಒಂದು ಹಿಡಿ ನಿನ್ನ ಸೆರಗಿಗೆ ಹಾಕಿ ಕಳಸ್ತೀನಿ."

ಮಲ್ಲಮ್ಮನಿಗೆ ಆಗ ನಲವತ್ತಾರು. ಗಂಡ ಸತ್ತು ಒಂಬತ್ತು ವರ್ಷ. ಅಮೆರಿಕ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಆ ಒಂದು ಹಿಡಿಗಾಗಿ ಹೊರಟಳು.

*

ವುಡ್‌ರಿಡ್ಜ್‌ನ ಮನೆಯಲ್ಲಿ ಅವಳಿಗೆ ಬೇಸ್‌ಮೆಂಟು. ಮನೆ ಕಾಯಿಸುವ ಯಂತ್ರದ ಪಕ್ಕ ಒಂದು ಚಾಪೆ. ಒಂದು ಸ್ಟೀಲಿನ ತಟ್ಟೆ, ಒಂದು ಲೋಟ, ಎರಡರ ಮೇಲೂ ಕೆಂಪು ನೇಲ್ ಪಾಲಿಶಿನ ಗುರುತು. ಮನೆಯ ಮೂರು ಟಾಯ್ಲೆಟ್ ಅವಳು ತೊಳೆಯಬಹುದು, ಅಡುಗೆಮನೆಗೆ ಕಾಲಿಡಬಾರದು.

"ಜಾತಿ ಗೀತಿ ಅಂತೆಲ್ಲ ತಿಳ್ಕೋಬೇಡ ಮಲ್ಲಮ್ಮ" ಅಂದಳು ಪದ್ಮ. "ನಾವು ಅದೆಲ್ಲ ನಂಬಲ್ಲ. ಇದು ಹೈಜೀನ್ ಅಷ್ಟೇ."

ಪಾಸ್‌ಪೋರ್ಟನ್ನು ರೇವಣಪ್ಪ ಮೊದಲ ದಿನವೇ ಇಸಿದುಕೊಂಡು ತನ್ನ ಟೇಬಲ್ಲಿನ ಖಾನೆಗೆ ಹಾಕಿ ಬೀಗ ಜಡಿದ.

ಬೆಳಿಗ್ಗೆ ಆರಕ್ಕೆ ಪಕ್ಕದ ಊರು ಡೌನರ್ಸ್ ಗ್ರೋವ್‌ಗೆ ಹೊರಡಬೇಕು. ಅಲ್ಲಿ ಕಂಪನಿಯ ಆಫೀಸಿನ ಹಿಂದೆ ಗಾಜಿನ ಮನೆ. ಹೊರಗೆ ಮಾರ್ಚ್ ತಿಂಗಳ ಹಿಮ, ಒಳಗೆ ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಹೋಗುತ್ತಾ ಮೈ ಸೆಟೆಯುತ್ತಿತ್ತು, ಒಳಗೆ ಕಾಲಿಟ್ಟ ಕೂಡಲೇ ಬೆವರು ಕಿತ್ತುಕೊಂಡು ಬರುತ್ತಿತ್ತು. ಅಲ್ಲಿ ಸಾಲುಸಾಲಾಗಿ ಅವಳದೇ ಬದನೆ. ಮೊದಲ ದಿನ ಗಿಡ ನೋಡಿ ಮಲ್ಲಮ್ಮನ ಕಣ್ಣು ತುಂಬಿತು. ಎಲೆ ಮುಟ್ಟಿದಳು, ಕುಡಿ ಚಿವುಟಿ ನೋಡಿದಳು. ಗಟ್ಟಿಯಾಗೇ ಇತ್ತು.

ನಾಳೆ ಅರಳುವ ಮೊಗ್ಗನ್ನು ಇಂದೇ ಹಿಡಿಯಬೇಕು. ಬಲಗೈ ಹೆಬ್ಬೆರಳಿನ ಉಗುರಿನಿಂದ ಮೊಗ್ಗು ಸೀಳಿ ಒಳಗಿನ ಹಳದಿ ಕೇಸರಗಳನ್ನು ಒಂದೊಂದಾಗಿ ಕಿತ್ತೊಗೆಯಬೇಕು. ನಡುವಿನ ಹಸಿರು ಕಡ್ಡಿಗೆ ಉಗುರು ತಾಗಿದರೆ ಹೂ ಸತ್ತಂತೆ. ಮರುದಿನ ಬೆಳಿಗ್ಗೆ ಆ ಕಡ್ಡಿಗೆ ಕಂಪನಿಯ ಬೇರೆ ಗಿಡದ ಪರಾಗ ಸವರಿ ಕೆಂಪು ದಾರ ಕಟ್ಟಬೇಕು. ಆ ಕೆಂಪು ದಾರದ ಕಾಯಿಯ ಬೀಜ ಮಾರಾಟಕ್ಕೆ. ಬಿತ್ತಿದರೆ ಒಂದು ಬೆಳೆ ಚೆನ್ನಾಗಿ ಬರುತ್ತದೆ. ಅದರ ಬೀಜ ಇಟ್ಟು ಮತ್ತೆ ಬಿತ್ತಿದರೆ ಗಿಡಕ್ಕೊಂದು ಬಗೆ. ವರ್ಷ ವರ್ಷ ಕಂಪನಿಯ ಬಾಗಿಲಿಗೇ ಹೋಗಬೇಕು. ಕೆಲವೇ ಹೂಗಳನ್ನು ಮುಟ್ಟದೆ ತಮ್ಮಷ್ಟಕ್ಕೆ ಕಾಯಿಯಾಗಲು ಬಿಡುತ್ತಿದ್ದರು. ಅವಕ್ಕೆ ಬಿಳಿ ದಾರ. ಬಿಳಿ ದಾರದ ಕಾಯಿಯೊಳಗೆ ಇದ್ದದ್ದು ಬೆರಕೆಯಿಲ್ಲದ ಬೀಜ. ಮಲ್ಲಮ್ಮನ ಬೀಜ. ಅವನ್ನು ರೇವಣಪ್ಪ ದಿನವೂ ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದ.

ದಿನಕ್ಕೆ ಮುನ್ನೂರು ಹೂ. ಹತ್ತು ತಾಸು ನಿಂತೇ ಮಾಡಬೇಕು. ಕೂತು ಕೆಲಸ ಮಾಡಿ ಗೊತ್ತಿದ್ದ ಸೊಂಟ ಮೂರೇ ದಿನಕ್ಕೆ ಮರಗಟ್ಟಿತು. ತೊಟ್ಟಿನ ಮುಳ್ಳು ಬೆರಳ ತುದಿಯಲ್ಲಿ ಮುರಿದುಕೊಂಡು ಕೀವಾಗುತ್ತಿತ್ತು. ಬೇರೆ ಕೆಲಸಗಾರರಿಗೆ ಕೈಗವಸು, ಕುರ್ಚಿ, ಮಧ್ಯಾಹ್ನ ಅರ್ಧ ತಾಸು ವಿರಾಮ. ಕೈಗವಸು ಹಾಕಿದರೆ ಉಗುರು ಆಡುವುದಿಲ್ಲ ಎಂದು ರೇವಣಪ್ಪ ಇವಳಿಗೆ ಕೊಡಲಿಲ್ಲ. ಕುರ್ಚಿ ಯಾಕೆ ಕೊಡಲಿಲ್ಲವೋ ಅವನೇ ಹೇಳಬೇಕು. ಸಂಜೆ ಮನೆಗೆ ಬಂದರೆ ಟಾಯ್ಲೆಟ್ ಕಾಯುತ್ತಿದ್ದವು. ಕೀವಾದ ಬೆರಳಿಗೆ ಆ ನೀಲಿ ಔಷಧಿ ತಾಗಿದರೆ ಜೀವ ಹೋಗುವಷ್ಟು ಉರಿ.

ಅವಳ ಕೈಯ ಫೋಟೋ ತೆಗೆದರು. ಆಫೀಸಿನ ಗೋಡೆಗೆ ಬಾಗಿಲಿನಷ್ಟು ದೊಡ್ಡದಾಗಿ ಹಾಕಿದರು. ಎರಡು ಕಪ್ಪು ಕೈ, ಒಂದು ಹೂ. ಮಣಿಕಟ್ಟಿನಿಂದ ಮೇಲಕ್ಕೆ ಏನೂ ಇರಲಿಲ್ಲ.

ಶನಿವಾರ ಪದ್ಮ ಅವಳನ್ನು ಸಾಮಾನಿನ ಅಂಗಡಿಗೆ ಕರೆದೊಯ್ಯುತ್ತಿದ್ದಳು, ಅಕ್ಕಿ ಮೂಟೆ ಎತ್ತಲು. ಅಂಗಡಿ ಯಾಕೂಬ್ ಮತ್ತು ಬೀಬಿ ಜಾನ್ ಎಂಬ ಗಂಡ ಹೆಂಡತಿಯದು. ಬೀಬಿ ಜಾನ್ ಹರಿಹರದ ಕಡೆಯವಳು. ಮೂಟೆ ಎತ್ತುವಾಗ ಮಲ್ಲಮ್ಮನ ಹೆಬ್ಬೆರಳು ಕಂಡು ಅವಳ ಕೈ ಗಲ್ಲಾದ ಮೇಲೇ ನಿಂತಿತು.

"ಅಕ್ಕಾ, ಇದು ಕ್ರಾಸಿಂಗ್ ಉಗುರಲ್ಲೇನ? ನಾನೂ ಸಣ್ಣಾಕಿದ್ದಾಗ ಹತ್ತಿ ಪ್ಲಾಟಿನಾಗ ಹೂ ಬಿಡಿಸೀನಿ. ನನ್ನ ಬೆಳ್ಳು ನೋಡು, ಇನ್ನೂ ಸೊಟ್ಟ ಐತಿ."

ನಾಲ್ಕು ತಿಂಗಳಿಗೆ ಮೊದಲ ಸಲ ಯಾರೋ ಅವಳನ್ನು ಅಕ್ಕಾ ಅಂದಿದ್ದರು. ಮಲ್ಲಮ್ಮ ಮೂಟೆ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದಿನ ಶನಿವಾರ ಆಫೀಸಿನ ಒಂದು ಹೊಳಪು ಕಾಗದವನ್ನು ಕುಪ್ಪಸದೊಳಗೆ ಮಡಚಿಟ್ಟುಕೊಂಡು ಬಂದಳು. ಪದ್ಮ ತರಕಾರಿ ಆರಿಸುತ್ತಿದ್ದಳು. ಬೀಬಿ ಜಾನ್ ಬೇಳೆ ಸಾಲಿನ ಹಿಂದೆ ನಿಂತು ಓದಿದಳು.

"ಮುಳ್ಳುಬದನಿ ತಳಿ. ಕಂಡುಹಿಡಿದವರು ಡಾಕ್ಟರ್ ರೇವಣಪ್ಪ ಅಂತ ಐತಿ. ಪೇಟೆಂಟ್ ಮಾಡಿಸ್ಯಾರ. ಅವರ ಅಪ್ಪಣಿ ಇಲ್ಲದ ಈ ಬೀಜ ಯಾರೂ ಬೆಳೀಬಾರ್ದು, ಇಟ್ಕೋಬಾರ್ದು."

"ನಾನೂ?"

"ನೀನೂ."

"ನನ್ನ ಹೆಸರೆಲ್ಲೈತಿ?"

ಬೀಬಿ ಜಾನ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹೆಸರಿಲ್ಲಕ್ಕಾ. ಕೈ ಅದಾವು. ಕೆಳಗ 'ನಮ್ಮ ಪಾಲುದಾರ ರೈತ ಮಹಿಳೆ' ಅಂತ ಬರದಾರ."

ತನ್ನ ಪಾಸ್‌ಪೋರ್ಟ್ ರೇವಣಪ್ಪನ ಬೀಗದೊಳಗಿದೆ ಎಂಬುದನ್ನೂ ಮಲ್ಲಮ್ಮ ಆಗ ಹೇಳಿದಳು.

"ಪೊಲೀಸ್ರಿಗೆ ಫೋನ್ ಮಾಡ್ಲೇನ? ಪಾಸ್‌ಪೋರ್ಟ್ ಕಸಗೊಂಡು ದುಡಸೋದು ಈ ದೇಶದಾಗ ದೊಡ್ಡ ತಪ್ಪು."

"ಪೊಲೀಸ್ರು ನನ್ನ ಬೀಜ ಕೊಡಸ್ತಾರೇನವ್ವಾ?"

ಬೀಬಿ ಜಾನ್ ಕಾಗದ ಮಡಚಿ ಅವಳ ಕೈಗಿಟ್ಟಳು. "ಚೀಲದಾಗ ಕದ್ದು ಒಯ್ಯೋದಂತೂ ಆಗದ ಮಾತು" ಅಂದಳು. "ಬರುವಾಗ ನಮ್ಮತ್ತಿ ಚೀಲದಾಗಿನ ಒಂದು ಮಾವಿನ ವಾಟಿ ಸೈತ ನಾಯಿ ಬಿಟ್ಟು ಹುಡುಕಿದ್ರು. ಹೊಟ್ಯಾಗಿಂದೊಂದು ಬಿಟ್ಟು ಎಲ್ಲಾ ನೋಡ್ತಾರ ನೋಡು." ಹೇಳಿ ನಕ್ಕಳು. ಮಲ್ಲಮ್ಮ ನಗಲಿಲ್ಲ.

ಅದೇ ಸಂಜೆ ರೇವಣಪ್ಪನನ್ನು ನೇರ ಕೇಳಿದಳು. "ಗೌಡ್ರ, ನನ್ನ ಒಂದು ಹಿಡಿ ಯಾವಾಗ ಕೊಡ್ತೀರಿ?"

"ಹೋಗುವಾಗ ನೋಡೋಣು" ಅಂದ, ಟಿವಿಯಿಂದ ಕಣ್ಣು ತೆಗೆಯದೆ.

*

ಸೆಪ್ಟೆಂಬರಿನ ಒಂದು ಶನಿವಾರ ಮಿಷಿಗನ್‌ನ ಲಿವೋನಿಯಾದಲ್ಲಿ ಕಂಪನಿಯ ದೊಡ್ಡ ಸಭೆ. ತಳಿ ಅಭಿವೃದ್ಧಿಯಲ್ಲಿ ರೈತ ಮಹಿಳೆಯರ ಪಾತ್ರ ಎಂದು ವಿಷಯ. ದುಡ್ಡು ಕೊಡುವ ದೊಡ್ಡ ಮನುಷ್ಯರು ಬರುವವರಿದ್ದರು. ಮರುದಿನ ಭಾನುವಾರ ಮಲ್ಲಮ್ಮ ಊರಿಗೆ ಹೊರಡುವ ವಿಮಾನ, ವೀಸಾದ ಆರು ತಿಂಗಳು ಮುಗಿದಿತ್ತು.

ಬೆಳಗಿನ ಜಾವ ಐದಕ್ಕೆ ಹೊರಟರು. ಇನ್ನೂರ ಎಂಬತ್ತು ಮೈಲಿ. ವ್ಯಾನಿನ ಹಿಂದಿನ ಸೀಟುಗಳನ್ನು ತೆಗೆದು ಹನ್ನೆರಡು ಬದನೆ ಕುಂಡ ಇಟ್ಟಿದ್ದರು. ಅವುಗಳ ನಡುವೆ ಮಲ್ಲಮ್ಮ. ಕುಂಡ ಉರುಳದಂತೆ ಎರಡು ಕುಂಡಗಳನ್ನು ತೊಡೆ ನಡುವೆ, ಎರಡನ್ನು ಕಂಕುಳಲ್ಲಿ ಅವಚಿಕೊಂಡು ಕೂರಬೇಕು. ವ್ಯಾನು ತಿರುಗಿದಾಗಲೆಲ್ಲ ಮುಳ್ಳು ಕೆನ್ನೆಗೆ ಗೀರಿತು. ದಾರಿ ನಡುವೆ ಕಲಾಮಝೂ ಎಂಬ ಊರಿನ ಹತ್ತಿರ ಗಂಡ ಹೆಂಡತಿ ಕಾಫಿಗೆ ಇಳಿದರು.

"ನಾನೂ ಒಂದಕ್ಕ ಹೋಗಿ ಬರ್ತೀನ್ರಿ" ಅಂದಳು ಮಲ್ಲಮ್ಮ.

"ಗಿಡ ಯಾರು ನೋಡಬೇಕು? ತಡ್ಕೋ" ಅಂದ ರೇವಣಪ್ಪ. ಬಾಗಿಲು ಹಾಕಿ ಲಾಕ್ ಮಾಡಿಕೊಂಡು ಹೋದ.

ಸಭೆಗೆ ಮುಂಚೆ ಪದ್ಮ ಅವಳಿಗೆ ಹೊಸ ಇಳಕಲ್ ಸೀರೆ ಉಡಿಸಿದಳು. ಕೆನ್ನೆಯ ಗೀರಿಗೆ ಪೌಡರ್ ಬಳಿದಳು. "ನಗ್ತಾ ಇರು" ಅಂದಳು. ಒಂದು ಎತ್ತರದ ಟೇಬಲ್ಲು, ಅದರ ಮೇಲೆ ಗಿಡಗಳು, ಪಕ್ಕದಲ್ಲಿ ಮಲ್ಲಮ್ಮ. ಎದುರು ನಲವತ್ತು ಜನ. ಅವಳು ಒಂದು ಮೊಗ್ಗು ಸೀಳಿ ಕೇಸರ ತೆಗೆದು ತೋರಿಸಿದಳು. ಎಲ್ಲರೂ ಬಗ್ಗಿ ಬಗ್ಗಿ ಅವಳ ಉಗುರಿನ ಫೋಟೋ ತೆಗೆದರು.

ಬಿಳಿಗೂದಲಿನ ಒಬ್ಬ ಹೆಂಗಸು ಏನೋ ಕೇಳಿದಳು. ರೇವಣಪ್ಪ ತಿರುಗಿ, "ಈ ಬದನಿದು ಮೊದಲನೇ ಗಿಡ ನಿನಗ ಎಲ್ಲಿ ಸಿಕ್ತು ಅಂತ ಕೇಳ್ತಾರ" ಅಂದ.

ಮಲ್ಲಮ್ಮ ಸತ್ಯ ಹೇಳಿದಳು. "ಕೇರಿ ಹಿಂದಿನ ಬಯಲಾಗ್ರಿ. ನಾವು ಹೆಣ್ಮಕ್ಕಳು ಬಯಲಕಡಿ ಕುಂಡ್ರೋ ಜಾಗದಾಗ. ಯಾರೋ ಬದನಿಕಾಯಿ ಉಂಡಾಕಿ ಹೊಟ್ಟಿಯಿಂದ ಬಿದ್ದ ಬೀಜ. ತಾನ ಹುಟ್ಟಿತ್ತು. ಹುಳ ಮುಟ್ಟಿರಲಿಲ್ಲ. ನಾ ನೋಡ್ಕೋತ ಕುಂತೆ."

ಪದ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆರು ತಿಂಗಳಿಂದ ಅದರ ಎಣ್ಣೆಗಾಯಿ ಚಪ್ಪರಿಸಿಕೊಂಡು ತಿಂದವಳು ಅವಳು. ರೇವಣಪ್ಪನ ಮುಖದ ಒಂದು ಗೆರೆಯೂ ಕದಲಲಿಲ್ಲ. ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ಅದರಲ್ಲಿ ಟೆಂಪಲ್ ಎಂಬ ಮಾತು ಎರಡು ಸಲ ಬಂತು. ಆ ಮಾತು ಮಲ್ಲಮ್ಮನಿಗೆ ಗೊತ್ತಿತ್ತು. ಅವಳನ್ನು ಒಳಗೆ ಬಿಡದ ಊರ ಗುಡಿಯ ಅಂಗಳದಲ್ಲಿ ಅವಳ ಗಿಡ ಹುಟ್ಟಿಸಿಬಿಟ್ಟಿದ್ದ. ಜನ ಆಹಾ ಅಂದರು.

ಮಲ್ಲಮ್ಮನ ಮೈ ಉರಿಯಿತು. ಟೇಬಲ್ಲು ಬಳಸಿ ಮುಂದೆ ಬಂದಳು. ಪದ್ಮನ ಎದುರು ನಿಂತು ಹೊಸ ಸೀರೆಯ ಸೆರಗು ಎರಡು ಕೈಯಲ್ಲಿ ಒಡ್ಡಿದಳು.

"ಪದ್ಮವ್ವಾರ, ನೀವು ನನ್ನ ಮನಿ ಮುಂದ ಸೆರಗು ಒಡ್ಡಿದ್ರಿ. ನಾ ಗಡಿಗಿ ಬರಿದು ಮಾಡಿ ಸುರದೆ. ಇವತ್ತ ನಾ ಒಡ್ಡೀನಿ. ನಾಳಿ ಹೊಂಟೀನಿ. ನಂದ ಬೀಜ ನನಗ ಒಂದು ಹಿಡಿ ಹಾಕ್ರಿ."

ಪದ್ಮ ಗಂಡನ ಮುಖ ನೋಡಿದಳು.

"ಅದು ಈಗ ಕಂಪನಿ ಆಸ್ತಿ ಮಲ್ಲಿ" ಅಂದ ರೇವಣಪ್ಪ, ಹಲ್ಲು ಬಿಟ್ಟು ನಗುತ್ತಲೇ, ಜನರಿಗೆ ಕಾಣಲೆಂದು. "ಒಂದು ಬೀಜ ಕೊಟ್ರೂ ನಾ ಜೈಲಿಗೆ ಹೋಗ್ತೀನಿ. ಸೆರಗು ಇಳಸು."

"ಕೊಡ್ತೀನಂದಿದ್ರಿ."

"ಇಳಸು ಅಂದೆ."

ಇಳಿಸಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ರೇವಣಪ್ಪ ಜನರತ್ತ ತಿರುಗಿ ಮತ್ತೆ ಇಂಗ್ಲಿಷಿಗೆ ಇಳಿದ. ಟ್ರೆಡಿಷನ್ ಅಂದ, ಬ್ಲೆಸಿಂಗ್ ಅಂದ. ತಕ್ಷಣ ಚಪ್ಪಾಳೆ ಬಿತ್ತು. ಬಿಳಿಗೂದಲಿನ ಹೆಂಗಸು ಕಣ್ಣೊರೆಸಿಕೊಂಡು ಫೋಟೋ ತೆಗೆದಳು. ಚಪ್ಪಾಳೆಯ ನಡುವೆ ಪದ್ಮ ಟೇಬಲ್ಲಿನಿಂದ ಕಂಪನಿಯ ಒಂದು ಪೊಟ್ಟಣ ಎತ್ತಿ ಸೆರಗಿಗೆ ಹಾಕಿದಳು. ಪೊಟ್ಟಣದ ಮೇಲೆ ಅವೇ ಎರಡು ಕೈ.

ಮಲ್ಲಮ್ಮ ಉಗುರಿನಿಂದ ಪೊಟ್ಟಣ ಸೀಳಿದಳು. ಒಳಗೆ ಔಷಧಿ ಬಳಿದ ಗುಲಾಬಿ ಬಣ್ಣದ ಬೀಜ. ಕೆಂಪು ದಾರದವು. ಸೆರಗು ಕೊಡವಿದಳು. ಬೀಜವೆಲ್ಲ ಪದ್ಮನ ಚಪ್ಪಲಿಯ ಮೇಲೆ, ನೆಲದ ಮೇಲೆ ಚೆಲ್ಲಿದವು. ಚಪ್ಪಾಳೆ ನಿಂತಿತು.

"ಇನ್ನ ನಾ ಒಂದು ಹೂ ಮುಟ್ಟಂಗಿಲ್ಲ" ಅಂದಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಒರಗಿ ನೆಲದ ಮೇಲೆ ಕುಕ್ಕರಿಸಿದಳು. ಏಳು ಅಂದರು, ಏಳಲಿಲ್ಲ. ಅವಳಿಗೆ ಸುಸ್ತಾಗಿದೆ ಎಂದು ಜನರಿಗೆ ಹೇಳಿ ಅವರನ್ನು ಊಟಕ್ಕೆ ಎಬ್ಬಿಸಿದರು.

*

ಮರಳಿ ಬರುವಾಗ ಮಧ್ಯಾಹ್ನದ ಬಿಸಿಲು. ಮುಂದೆ ಗಂಡ ಹೆಂಡತಿ ಕಿತ್ತಾಡುತ್ತಿದ್ದರು. ಹಿಂದೆ ಕುಂಡಗಳ ನಡುವೆ ಮಲ್ಲಮ್ಮ.

"ಒಂದು ಹಿಡಿ ಬಿಸಾಕಿದ್ರೆ ಏನ್ ಹೋಗ್ತಿತ್ತು ನಿಮ್ಮದು? ಅಷ್ಟು ಜನರ ಮುಂದೆ ನನ್ನ ಮಾನ ಹೋಯ್ತು" ಅಂದಳು ಪದ್ಮ.

"ನಿನಗ ತಿಳಿಯಂಗಿಲ್ಲ. ಒಂದು ಹಿಡಿ ಹೋದ್ರ ಮೂರು ವರ್ಷಕ್ಕ ಇಡೀ ತಾಲೂಕ ಬೆಳೀತೈತಿ. ಅವತ್ತ ಕಾರಿನಾಗ ನಿನಗ ಸೆರಗು ಒಡ್ಡೋದು ಕಲಿಸಿದಾಂವ ನಾನ, ಆ ಚಾಳಿ ಏನಂತ ನನಗ ಗೊತ್ತು. ಆಮ್ಯಾಲೆ ನಮ್ಮ ಪೊಟ್ಟಣ ಯಾರು ತಗೋತಾರ?"

ಮಲ್ಲಮ್ಮ ಕೇಳಿಸಿಕೊಂಡಳು. ಅವಳ ಮೂಗಿನ ನೇರಕ್ಕೆ ಬಿಳಿ ದಾರದ ಒಂದು ಕಾಯಿ ತೂಗುತ್ತಿತ್ತು. ಹಣ್ಣಾಗಿ ಹಳದಿ ತಿರುಗಿತ್ತು. ಬೀಜ ಬಲಿತಿತ್ತು. ಬೀಬಿ ಜಾನ್ ನಕ್ಕು ಹೇಳಿದ ಮಾತು ಆಗ ನೆನಪಾಯಿತು. ಬಯಲಿನ ಆ ಮೊದಲ ಗಿಡವೂ ನೆನಪಾಯಿತು.

ಕಾಯಿ ಮುರಿದಳು. ಮುಳ್ಳಿನ ತೊಟ್ಟನ್ನೂ ದಾರವನ್ನೂ ಕುಂಡದ ಮಣ್ಣಿನಲ್ಲಿ ಆಳಕ್ಕೆ ಒತ್ತಿದಳು. ಹೆಬ್ಬೆರಳಿನ ಉಗುರಿನಿಂದ ಕಾಯಿ ಸೀಳಿ ತಿರುಳು ಬಿಡಿಸಿ ಬಾಯಿಗಿಟ್ಟಳು. ಬಲಿತ ಹಸಿ ಬದನೆ ತಿಂದವರಿಗೆ ಗೊತ್ತು ಅದರ ರುಚಿ. ನಾಲಿಗೆ ಕಿತ್ತುಬರುವ ಕಹಿ, ಗಂಟಲಲ್ಲಿ ತುರಿಕೆ. ಅಗಿಯುವಂತಿಲ್ಲ, ಹಲ್ಲು ತಾಗಿದರೆ ಬೀಜ ಸಾಯುತ್ತದೆ. ಹಾಗೇ ನುಂಗಬೇಕು. ಒಂದೊಂದು ತುಂಡಿಗೂ ವಾಂತಿ ಗಂಟಲಿಗೆ ಬಂತು. ಬಂದದ್ದನ್ನು ಮತ್ತೆ ನುಂಗಿದಳು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಸಿಪ್ಪೆಯನ್ನೂ ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಜಗಳ ನಡೆದೇ ಇತ್ತು.

ಸಂಜೆ ವುಡ್‌ರಿಡ್ಜ್‌ನ ಗ್ಯಾರೇಜಿನಲ್ಲಿ ರೇವಣಪ್ಪ ಪುಸ್ತಕ ಹಿಡಿದು ಬಿಳಿ ದಾರ ಎಣಿಸಿದ. ಒಂಬತ್ತು ಇರಬೇಕಿತ್ತು, ಎಂಟಿದ್ದವು. ಮತ್ತೊಮ್ಮೆ ಎಣಿಸಿದ. ಹೆಂಡತಿಯ ಕಡೆ ನೋಡಿದ.

ಬೇಸ್‌ಮೆಂಟಿನಲ್ಲಿ ಪದ್ಮ ರಬ್ಬರಿನ ಕೈಗವಸು ಹಾಕಿಕೊಂಡಳು, ಟಾಯ್ಲೆಟ್ ತೊಳೆಯಲು ಇಟ್ಟಿದ್ದ ಹಳದಿ ಗವಸು.

"ಸೀರೆ ಬಿಚ್ಚು."

ಮಲ್ಲಮ್ಮ ಬಿಚ್ಚಿದಳು. ಪದ್ಮ ನೆರಿಗೆ ನೆರಿಗೆ ಜಾಲಾಡಿದಳು. ಕುಪ್ಪಸ ಬಿಚ್ಚಿಸಿದಳು. ಲಂಗ ಬಿಚ್ಚಿಸಿದಳು. ತುರುಬು ಬಿಚ್ಚಿ ಟಾರ್ಚು ಹಿಡಿದು ಕೂದಲ ಬುಡದಲ್ಲಿ ಬೆರಳಾಡಿಸಿದಳು. ಮೊಲೆ ಎತ್ತಿ ನೋಡಿದಳು. ಕಾಲು ಅಗಲಿಸು ಅಂದಳು. ಬಾಯಿ ತೆಗೆ ಅಂದಳು. ನಲವತ್ತಾರು ವರ್ಷದ ಹೆಂಗಸು ಬತ್ತಲೆ ನಿಂತು ಬಾಯಿ ತೆಗೆದಳು. ಗಂಡ ಸತ್ತ ಮೇಲೆ ಅವಳ ಮೈ ಯಾರೂ ಕಂಡಿರಲಿಲ್ಲ.

ಮೆಟ್ಟಿಲ ಮೇಲೆ ಪದ್ಮನ ಮಗಳು ಮೇಧಾ ನಿಂತಿದ್ದಳು, ಹದಿನೈದರ ಹುಡುಗಿ. "ಡಿಡ್ ಶಿ ಸ್ಟೀಲ್ ಸಮ್‌ಥಿಂಗ್?" ಅಂದಳು.

"ನೀನು ಮೇಲೆ ಹೋಗು" ಅಂದಳು ಪದ್ಮ. ಆಮೇಲೆ ಗಂಡನಿಗೆ ಕೇಳಿಸುವಂತೆ ಕೂಗಿದಳು. "ಏನೂ ಇಲ್ಲ ರೀ. ಹೊಲಸು ನಾತ ಅಷ್ಟೇ."

ಗವಸು ಕಳಚಿ ಕಸದ ಬುಟ್ಟಿಗೆ ಎಸೆದು ಹೋದಳು. ಮಲ್ಲಮ್ಮ ಸೀರೆ ಸುತ್ತಿಕೊಂಡಳು. ಬುಟ್ಟಿಯಲ್ಲಿ ಮೇಲಿನಿಂದ ತಂದು ಹಾಕಿದ್ದ ನಿನ್ನೆಯ ದಾಳಿಂಬೆ ಸಿಪ್ಪೆ ಬಿದ್ದಿತ್ತು. ದಾಳಿಂಬೆ ಸಿಪ್ಪೆ ಹೊಟ್ಟೆ ಕಟ್ಟುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಗವಸಿನ ಕೆಳಗಿಂದ ಅದನ್ನು ಆರಿಸಿಕೊಂಡು ಕೂತು ಅಗಿದಳು.

ಮರುದಿನ ವಿಮಾನ ನಿಲ್ದಾಣದಲ್ಲಿ ರೇವಣಪ್ಪ ಪಾಸ್‌ಪೋರ್ಟ್ ಕೈಗಿಟ್ಟ. "ಊರಾಗ ಈ ಬದನಿ ಕಂಡ್ರ ಪೊಲೀಸ್ ಕೇಸ್ ಹಾಕಸ್ತೀನಿ. ನೆಪ್ಪಿರಲಿ."

"ನೆಪ್ಪಿರತೈತಿ ಗೌಡ್ರ" ಅಂದಳು ಮಲ್ಲಮ್ಮ.

*

ವಿಮಾನದಲ್ಲಿ ಕೊಟ್ಟದ್ದನ್ನು ಏನೂ ತಿನ್ನಲಿಲ್ಲ. ಗುಟುಕು ನೀರಿನಲ್ಲಿ ತುಟಿ ಒದ್ದೆ ಮಾಡಿಕೊಂಡಳು. ಎರಡನೆಯ ದಿನ ಹೊಟ್ಟೆ ಹಿಂಡಿತು. ಸೀಟಿನ ಕೈ ಹಿಡಿದು ತುಟಿ ಕಚ್ಚಿ ಕೂತಳು. ಗಗನಸಖಿ ಬಂದು ಟಾಯ್ಲೆಟ್ಟಿನ ಕಡೆ ಕೈ ತೋರಿಸಿದಳು, ಇವಳು ತಲೆಯಾಡಿಸಿದಳು. ಅಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಬೆಂಗಳೂರಿನಿಂದ ರಾಣೇಬೆನ್ನೂರಿಗೆ ಬಸ್ಸು. ಬಸ್ಸು ಕುಲುಕಿದಾಗಲೆಲ್ಲ ಜೀವ ಬಾಯಿಗೆ ಬಂತು. ಮಂಗಳವಾರ ಹೊತ್ತು ಮುಳುಗುವಾಗ ಕೇರಿ ಮುಟ್ಟಿದಳು. ಅತ್ತೆ ಮಾತಾಡಿಸಿದರೂ ನಿಲ್ಲದೆ ಒಂದು ತಂಬಿಗೆ, ಒಂದು ಮೊರ ಎತ್ತಿಕೊಂಡು ಹಿಂದಿನ ಬಯಲಿಗೆ ನಡೆದಳು.

ಕೈ ಹಾಕಿ ಆರಿಸಿದಳು. ಹೌದು, ಕೈ ಹಾಕಿ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಿ. ಹಿರಿಯರ ಕಾಲದಿಂದ ಊರಿನವರದ್ದನ್ನು ಬಳಿದ ಕೈಗೆ ತನ್ನದೇನು ದೊಡ್ಡದು? ಏಳು ಸಲ ನೀರು ಹಾಕಿ ತೊಳೆದಳು. ತೇಲಿದ್ದನ್ನು ಚೆಲ್ಲಿದಳು, ಮುಳುಗಿದ್ದನ್ನು ಇಟ್ಟುಕೊಂಡಳು. ಬೂದಿಯಲ್ಲಿ ಹೊರಳಿಸಿ ಮೊರದಲ್ಲಿ ಹರಡಿದಳು. ಅರ್ಧ ಹಿಡಿಯೂ ಆಗಲಿಲ್ಲ. ಆಗ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು.

ಹಿತ್ತಿಲಲ್ಲಿ ಹಾಕಲಿಲ್ಲ. ಆ ಬಯಲಲ್ಲೇ, ಜಾಲಿ ಮೆಳೆಯ ಮರೆಯಲ್ಲಿ ಬಿತ್ತಿದಳು. ಹೆಂಗಸರು ಕೂರುವ ಬಯಲಿಗೆ ಆ ಊರಲ್ಲಿ ಗಂಡಸು ಕಾಲಿಡುವಂತಿಲ್ಲ. ಕೂರಲು ಬಂದ ಹೆಂಗಸರು ತಂಬಿಗೆಯಲ್ಲಿ ಮಿಕ್ಕ ನೀರನ್ನು ಸಸಿಗೆ ಹಾಕಿ ಹೋದರು. ಚಳಿಗಾಲದಲ್ಲಿ ಇನ್‌ಸ್ಪೆಕ್ಟರ್ ಬಂದು ಹಿತ್ತಿಲುಗಳನ್ನು ನೋಡಿದ. ಬಯಲಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ತಂಬಿಗೆ ಹಿಡಿದ ಹೆಂಗಸರು ಎದ್ದು ನಿಂತರು. ಅವನು ಕರವಸ್ತ್ರ ಮೂಗಿಗೆ ಹಿಡಿದು ಹಿಂದಿರುಗಿದ.

ಬೇಸಿಗೆಗೆ ಗಡಿಗೆ ತುಂಬಿತು. ಏಳು ಮನೆಯ ಹೆಂಗಸರು ಬಂದು ಗುಡಿಸಲ ಮುಂದೆ ಸಾಲಾಗಿ ನಿಂತು ಸೆರಗು ಒಡ್ಡಿದರು.

ಮಲ್ಲಮ್ಮ ಗಡಿಗೆ ಹಿಡಿದು ಹೊರಗೆ ಬಂದಳು. ಮೊದಲು ಒಂದು ಹಿಡಿ ತೆಗೆದು ತನ್ನ ಮಡಿಲಿಗೆ ಕಟ್ಟಿಕೊಂಡಳು.

"ಹಾಕೂದಕ್ಕ ಮೊದಲ ಒಂದು ಮಾತು ಕೇಳ್ರಿ" ಅಂದಳು. "ಈ ಬೀಜ ಅಮೆರಿಕದಿಂದ ಎದರಾಗ ತಂದೀನಿ ಗೊತ್ತೈತೇನು?"

ಎಲ್ಲ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಬತ್ತಲೆ ನಿಂತದ್ದು, ನುಂಗಿದ್ದು, ಮೂರು ದಿನ ತಡೆದದ್ದು, ಕೈ ಹಾಕಿ ಆರಿಸಿದ್ದು.

ಏಳು ಸೆರಗಿನಲ್ಲಿ ಒಂದೂ ಹಿಂದಕ್ಕೆ ಸರಿಯಲಿಲ್ಲ.